ಮಗ ಥಾನೋಸ್ ಆಗ್ತಾನಂತೆ! ನಿಮ್ಮ ಇಷ್ಟದ ಸೂಪರ್‌ಹೀರೋ ಯಾರು, ವಿಲನ್ ಯಾರು, ಯಾಕೆ?

ಅರಸೀಕೆರೆ ಅಮ್ಮ

ನಮಸ್ಕಾರ. ತವರು ಅರಸೀಕೆರೆ, ಈಗಿರುವುದು ಹಾಸನದಲ್ಲಿ. ಮಗ ಮೂರನೇ ಕ್ಲಾಸು. ಮುಂದಿನ ಶನಿವಾರ ಅವನ ಶಾಲೆಯಲ್ಲಿ ಛದ್ಮವೇಷ. ಹೋದ ವರ್ಷ ಕೃಷ್ಣ, ಅದರ ಹಿಂದಿನ ವರ್ಷ ವಿವೇಕಾನಂದ. ಕೊಳಲು, ನವಿಲುಗರಿ, ಕೇಸರಿ ಪೇಟ ಎಲ್ಲಾ ಬೀರುವಿನ ಮೇಲೆ ಹಾಗೇ ಇವೆ. ಈ ಸಲ ಅವನು ಥಾನೋಸ್ ಆಗಬೇಕಂತೆ, ಅವೆಂಜರ್ಸ್ ಸಿನಿಮಾದ ನೇರಳೆ ಮುಖದ ವಿಲನ್.

"ಸ್ಪೈಡರ್‌ಮ್ಯಾನ್ ಆಗೋ, ರೆಡಿಮೇಡ್ ಡ್ರೆಸ್ ಸಿಗುತ್ತೆ" ಅಂದೆ. "ನಮ್ಮ ಕ್ಲಾಸಲ್ಲಿ ಆರು ಜನ ಸ್ಪೈಡರ್‌ಮ್ಯಾನ್ ಆಗ್ತಿದ್ದಾರೆ. ಅವರೆಲ್ಲ ಯಾರ ಜೊತೆ ಫೈಟ್ ಮಾಡ್ತಾರೆ?" ಅಂತ ನನ್ನನ್ನೇ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಅತ್ತೆಗಂತೂ ಸಿಟ್ಟು. ಮನೆ ಮಗುವಿಗೆ ರಾಕ್ಷಸನ ವೇಷವಾ ಅಂತ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ, ಅದೂ ನನ್ನ ಜೊತೆ. ಮೊಮ್ಮಗನ ಜೊತೆ ಚೆನ್ನಾಗಿಯೇ ಇದ್ದಾರೆ.

ಇಲ್ಲಿ ಕಾಮಿಕ್ಸ್ ಓದಿದವರು ಬಹಳ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನಿಮಗೆ ಯಾರು ಇಷ್ಟ? ಹೀರೋ ಆದರೂ ಸರಿ, ವಿಲನ್ ಆದರೂ ಸರಿ. ಯಾಕೆ ಅಂತ ಹೇಳಬೇಕು, ಸುಮ್ನೆ ಹೆಸರು ಹಾಕಿ ಓಡಿಹೋಗಬಾರದು. ಹಾಗೇ ಮುಖಕ್ಕೆ ನೇರಳೆ ಬಣ್ಣ ಹೇಗೆ ಮಾಡುವುದು ಅಂತಲೂ ಯಾರಾದರೂ ಹೇಳಿ.

ಬ್ಯಾಕ್‌ಲಾಗ್ ಹುಡುಗ

ಅಕ್ಕಾ, ನಿಮ್ಮ ಮಗನಿಗೆ ನನ್ನ ಕಡೆಯಿಂದ ಒಂದು ಚಾಕೊಲೇಟ್. ಪ್ರಶ್ನೆ ಸರಿಯಾಗಿಯೇ ಕೇಳಿದ್ದಾನೆ.

ಥಾನೋಸ್ ಕಾಮಿಕ್ಸಿಗೆ ಬಂದದ್ದು 1973ರಲ್ಲಿ, ಜಿಮ್ ಸ್ಟಾರ್ಲಿನ್ ಕೈಯಿಂದ. ಸಿನಿಮಾ ನೋಡಿದವರು ಅವನನ್ನು ದೊಡ್ಡ ಚಿಂತಕ ಅಂದುಕೊಂಡಿದ್ದಾರೆ. ಜನ ಜಾಸ್ತಿಯಾದರು, ಅನ್ನ ನೀರು ಸಾಲಲ್ಲ, ಅರ್ಧ ಹೋಗಲಿ ಅನ್ನುವ ಲೆಕ್ಕ. ಪುಸ್ತಕದಲ್ಲಿ ಕಾರಣವೇ ಬೇರೆ. ಅಲ್ಲಿ ಸಾವು ಅನ್ನುವುದು ಒಬ್ಬ ಹೆಣ್ಣು. ಅವಳು ತನ್ನ ಕಡೆ ತಿರುಗಿ ನೋಡಲಿ ಅಂತ ಚಿಟಿಕೆ ಹೊಡೆದು ಅರ್ಧ ಬ್ರಹ್ಮಾಂಡ ಮುಗಿಸುತ್ತಾನೆ. ಅವಳು ಆಗಲೂ ಮಾತಾಡಲ್ಲ. ನಮ್ಮ ಕಾಲೇಜ್ ಗೇಟಿನ ಮುಂದೆ ವೀಲಿಂಗ್ ಮಾಡುವವರ ಕಥೆಯೂ ಇಷ್ಟೇ.

ನನ್ನ ವೋಟು ಬ್ಯಾಟ್‌ಮ್ಯಾನ್ ವೈರಿ ಜೋಕರ್‌ಗೆ. 1940ರಿಂದ ಇದ್ದಾನೆ, ಇವನ ಹಿಂದಿನ ಕಥೆ ಇದೇ ಅಂತ ಇವತ್ತಿಗೂ ಗಟ್ಟಿಯಾಗಿ ಹೇಳುವ ಹಾಗಿಲ್ಲ. ದುಡ್ಡು ಬೇಡ, ಪಟ್ಟ ಬೇಡ, ಯಾವುದಕ್ಕೂ ಹೆದರಲ್ಲ. ನಾಳೆ ಮೂರನೇ ಸಲ ಅದೇ ಮ್ಯಾಥ್ಸ್ ಪೇಪರ್ ಬರೆಯುವವನಿಗೆ ಅದು ದೊಡ್ಡ ಗುಣ.

ಪ್ರೆಸ್ ಮನೆ

ಬಣ್ಣದ ವಿಷಯ ಮೊದಲು. ಅಮ್ಮಾ, ನೀಲಿಗೆ ಕೆಂಪು ಬೆರೆಸಬೇಡಿ, ಗಾಢ ಗುಲಾಬಿ ಬೆರೆಸಿ. ಅಂಗಡಿಯ ಕೆಂಪಿನಲ್ಲಿ ಸ್ವಲ್ಪ ಹಳದಿ ಇದ್ದೇ ಇರುತ್ತದೆ. ಅದು ನೀಲಿಗೆ ಸೇರಿದರೆ ಕಂದಾಗಿ ಮಂಕು ಹೊಡೆಯುತ್ತದೆ. ಹಾಸನದಲ್ಲಿ ಮೂವತ್ತು ವರ್ಷ ಪ್ರೆಸ್ ನಡೆಸಿದ್ದೇನೆ, ಇದೊಂದನ್ನು ನಂಬಿ.

ನನ್ನ ಆಯ್ಕೆ ಹಲ್ಕ್. ಕಾರಣ ಹೇಳಿದರೆ ನಗುತ್ತೀರಿ. 1962ರ ಮೊದಲ ಸಂಚಿಕೆಯಲ್ಲಿ ಅವನು ಹಸಿರಲ್ಲ, ಬೂದು. ನಾಲ್ಕು ಬಣ್ಣದ ಮುದ್ರಣದಲ್ಲಿ ಬೂದು ಅನ್ನುವ ಇಂಕೇ ಇಲ್ಲ. ನೀಲಿ, ಮೆಜೆಂಟಾ, ಹಳದಿ, ಕಪ್ಪು, ಅಷ್ಟೇ. ಬೂದು ಬೇಕಾದರೆ ಸಣ್ಣ ಸಣ್ಣ ಚುಕ್ಕಿಯಲ್ಲಿ ಅದನ್ನು ಕಟ್ಟಬೇಕು. ಕಾಗದ ಅಗ್ಗದ್ದಾದರೆ ಇಂಕು ಕುಡಿದುಬಿಡುತ್ತದೆ. ಹಾಗಾಗಿ ಹಲ್ಕ್ ಒಂದು ಪುಟದಲ್ಲಿ ಬೆಳ್ಳಗೆ, ಇನ್ನೊಂದರಲ್ಲಿ ಇದ್ದಿಲ ಹಾಗೆ ಬಂದ. ಕಥೆ ಬರೆದ ಸ್ಟಾನ್ ಲೀ ನೋಡಿದರು, ಎರಡನೇ ಸಂಚಿಕೆಗೆ ಹಸಿರು ಹಾಕಿಸಿದರು. ಅವತ್ತಿನಿಂದ ಇವತ್ತಿನವರೆಗೆ ಜಗತ್ತಿಗೆಲ್ಲ ಹಲ್ಕ್ ಅಂದರೆ ಹಸಿರು.

ಫ್ಯಾಂಟಮ್ ಕೂಡ ಹಾಗೇ. 1936ರಲ್ಲಿ ಶುರುವಾದಾಗ ಪತ್ರಿಕೆಯಲ್ಲಿ ಕಪ್ಪುಬಿಳುಪು ಪಟ್ಟಿ. ಬರೆದ ಲೀ ಫಾಕ್ ತಲೆಯಲ್ಲಿ ಇದ್ದದ್ದು ಬೂದು ಬಟ್ಟೆ. 1939ರಲ್ಲಿ ಭಾನುವಾರದ ಬಣ್ಣದ ಪುಟ ಬಂದಾಗ ನೋಡಿದರೆ ನೇರಳೆ! ಇಟಲಿಯಲ್ಲಿ ಅವನು ಕೆಂಪು, ಸ್ವೀಡನ್ನಿನಲ್ಲಿ ನೀಲಿ. ಕಾಡಿನಲ್ಲಿ ಅಡಗಿ ಓಡಾಡುವವನಿಗೆ ಯಾವ ಬುದ್ಧಿವಂತ ನೇರಳೆ ಬಟ್ಟೆ ಹೊಲಿಸುತ್ತಾನೆ ಹೇಳಿ? ಇದು ಬರೆದವನ ಕೆಲಸ ಅಲ್ಲ, ಅಚ್ಚು ಹಾಕುವ ಕಡೆಯವರ ಕೆಲಸ.

ನನಗೂ ಒಂದು ಸಲ ಹೀಗಾಗಿತ್ತು. ಲಗ್ನಪತ್ರಿಕೆ ಓಡಿಸುವಾಗ ಮೆಜೆಂಟಾ ಪ್ಲೇಟು ಒಂದು ಕೂದಲೆಳೆಯಷ್ಟು ಸರಿದುಹೋಯಿತು. ಐನೂರು ಕಾರ್ಡಿನಲ್ಲಿ ಗಣಪತಿಗೆ ಎರಡು ಸೊಂಡಿಲು. ಹುಡುಗಿ ಕಡೆಯವರು ಅರ್ಧ ದುಡ್ಡು ಹಿಡಿದುಕೊಂಡರು. ಎರಡನೇ ಸಂಚಿಕೆಯಲ್ಲಿ ಸರಿಮಾಡೋಣ ಅನ್ನೋಕೆ ಮದುವೆ ಎರಡು ಸಲ ಆಗಲ್ಲವಲ್ಲ.

ಫಿಸಿಯೋ ಅಕ್ಕ

ಮೊದಲು ಅಮ್ಮನಿಗೆ: ಪ್ರೆಸ್ ಅಣ್ಣನ ಮಾತು ಕೇಳಿ ಇಂಕು, ಡಿಸ್ಟೆಂಪರ್ ಏನಾದರೂ ಹಚ್ಚಿಬಿಟ್ಟೀರಿ! ಮುಖಕ್ಕೆ ಹಚ್ಚುವ ಬಣ್ಣ ಅಂತಲೇ ಸಿಗುತ್ತದೆ, ನೀರಲ್ಲಿ ತೊಳೆದರೆ ಹೋಗುವಂಥದ್ದು. ಹಿಂದಿನ ದಿನ ಮೊಣಕೈ ಒಳಗಡೆ ಸ್ವಲ್ಪ ಹಚ್ಚಿ ನೋಡಿ. ಕೆಂಪಗಾದರೆ ಬೇಡ.

ಈಗ ಬ್ಯಾಕ್‌ಲಾಗ್ ತಮ್ಮನಿಗೆ. ಜೋಕರ್ ಯಾವುದಕ್ಕೂ ಹೆದರಲ್ಲ, ಸರಿ. 1988ರಲ್ಲಿ ಏನು ಮಾಡಿದ ಗೊತ್ತಲ್ವಾ? ಪೊಲೀಸ್ ಕಮಿಷನರ್ ಮಗಳು ಬಾರ್ಬರಾ ಗೋರ್ಡನ್ ಮನೆ ಬಾಗಿಲು ತೆಗೆಯುತ್ತಾಳೆ, ಗುಂಡು ಹೊಡೆಯುತ್ತಾನೆ. ಬೆನ್ನುಹುರಿಗೆ ಏಟು, ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಅವಳ ಮೇಲೆ ಅವನಿಗೆ ದ್ವೇಷವೂ ಇಲ್ಲ. ಅವಳ ಅಪ್ಪನಿಗೆ ಹುಚ್ಚು ಹಿಡಿಸಬೇಕಿತ್ತು, ಅಷ್ಟೇ.

ನನ್ನ ಹೀರೋ ಅವಳೇ. ಬ್ಯಾಟ್‌ಗರ್ಲ್ ಆಗಿದ್ದಾಗಿನವಳಲ್ಲ, ಆಮೇಲಿನವಳು. 1989ರಲ್ಲಿ ಅವಳು ಒರಾಕಲ್ ಅನ್ನುವ ಹೆಸರಿನಲ್ಲಿ ಮತ್ತೆ ಬಂದಳು. ಗಾಲಿಕುರ್ಚಿ, ಕಂಪ್ಯೂಟರ್. ಯಾರು ಎಲ್ಲಿದ್ದಾರೆ, ಯಾವ ಬಾಗಿಲು ತೆರೆದಿದೆ, ಎಲ್ಲಾ ಅವಳೇ ಹೇಳಬೇಕು. ಓಡುವ ಹಾರುವ ಹೀರೋಗಳೆಲ್ಲ ಅವಳ ಮಾತಿಗೆ ಕಾಯುತ್ತಾರೆ.

ನಾನು ಚಿಕ್ಕಮಗಳೂರಿನಲ್ಲಿ ಕೆಲಸ ಮಾಡುವುದು. ಮೆಣಸು ಕೊಯ್ಯುವ ಕಾಲ ಬಂದರೆ ಏಣಿಯಿಂದ ಬಿದ್ದವರು ಬರುತ್ತಾರೆ. ಸಿಲ್ವರ್ ಓಕ್ ಮರ ಉದ್ದಕ್ಕೆ ಹೋಗಿರುತ್ತದೆ, ಬಳ್ಳಿ ಅದರ ಮೇಲಿನವರೆಗೂ ಇರುತ್ತದೆ, ಒಂಟಿ ಬಿದಿರಿನ ಏಣಿ. ಹಾಗೆ ಬಿದ್ದ ಒಬ್ಬ ಹುಡುಗ ಆರು ತಿಂಗಳು ಗೋಡೆ ನೋಡಿಕೊಂಡೇ ಮಲಗಿದ್ದ. ಈಗ ತೋಟದ ತೂಕ, ಬಟವಾಡೆ, ಲಾರಿ ಲೆಕ್ಕ ಪೂರ್ತಿ ಅವನದೇ, ಕುರ್ಚಿಯಲ್ಲಿ ಕೂತು ಫೋನಿನಲ್ಲೇ ನಡೆಸುತ್ತಾನೆ. ಅವನು ಹೇಳದೆ ಒಂದು ಮೂಟೆ ಹೊರಗೆ ಹೋಗಲ್ಲ. ಅವನಿಗೆ ಒರಾಕಲ್ ಕಥೆ ಹೇಳಿದ್ದೆ. "ಸಂಬಳ ಎಷ್ಟು ಕೊಡ್ತಾರಂತೆ ಅವಳಿಗೆ?" ಅಂತ ಕೇಳಿದ.

2011ರಲ್ಲಿ ಕಂಪನಿಯವರು ಎಲ್ಲ ಕಥೆಗಳನ್ನೂ ಹೊಸದಾಗಿ ಶುರುಮಾಡಿ ಅವಳನ್ನು ಮತ್ತೆ ನಡೆಸಿಬಿಟ್ಟರು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಬ್ಯಾಕ್‌ಲಾಗ್ ಹುಡುಗ

ಸಾರಿ ಅಕ್ಕಾ. ಆದರೆ ಜೋಕರ್ ಇಷ್ಟ ಅಂದರೆ ಅವನು ಮಾಡಿದ್ದೆಲ್ಲ ಸರಿ ಅಂತ ಅಲ್ಲ.

ಫಿಸಿಯೋ ಅಕ್ಕ

ಗೊತ್ತು ಬಿಡೋ. ಟೀ ಶರ್ಟಿನ ಮೇಲೆ ಅವನ ಮುಖ ಹಾಕಿಕೊಳ್ಳುವವರು ಅವಳ ಮುಖ ಯಾಕೆ ಹಾಕಲ್ಲ ಅಂತ ಅಷ್ಟೇ ನನ್ನ ಪ್ರಶ್ನೆ. ಪರೀಕ್ಷೆ ಚೆನ್ನಾಗಿ ಬರಿ.

ಕಾಫಿ ಕಣ

ಪ್ರೆಸ್ಸಿನವರೇ, ಫ್ಯಾಂಟಮ್ ಚಡ್ಡಿ ಬಣ್ಣಕ್ಕೆ ಹೋಗಬೇಡಿ ಮಾರಾಯ್ರೇ, ಹೊಟ್ಟೆ ಉರಿಯುತ್ತದೆ.

ನಮ್ಮದು ಮೂಡಿಗೆರೆ ಹತ್ತಿರ. ಜುಲೈ ಮಳೆಗೆ ಶಾಲೆಗೆ ರಜೆ, ಕರೆಂಟ್ ಅಂತೂ ವಾರಗಟ್ಟಲೆ ಇಲ್ಲ. ಬಚ್ಚಲ ಒಲೆ ಮುಂದೆ ಕಂಬಳಿ ಹೊದ್ದು ಕೂತು, ಬೆಂಕಿ ಬೆಳಕಿನಲ್ಲೇ ಇಂದ್ರಜಾಲ ಕಾಮಿಕ್ಸ್ ಓದುವುದು. ಬೂದಿಯಲ್ಲಿ ಹಲಸಿನ ಬೀಜ ಬೇಯುತ್ತಿರುತ್ತಿತ್ತು. ಪುಸ್ತಕ ತೇವ ಹಿಡಿದು ಊದಿಕೊಂಡರೆ ಹಂಡೆಯ ಅಂಚಿಗೆ ಒರಗಿಸಿ ಒಣಗಿಸುತ್ತಿದ್ದೆವು. ನನ್ನ ಹತ್ತಿರ ಉಳಿದಿರುವ ನಾಲ್ಕು ಪುಸ್ತಕಕ್ಕೆ ಇವತ್ತಿಗೂ ಹೊಗೆ ವಾಸನೆ ಇದೆ. ಆ ಸರಣಿ 1964ರಲ್ಲಿ ಶುರುವಾಗಿ 1990ಕ್ಕೆ ನಿಂತಿತು. ಕನ್ನಡದಲ್ಲೂ ಬರುತ್ತಿತ್ತು ಅಂದರೆ ಈಗಿನ ಮಕ್ಕಳು ನಂಬಲ್ಲ.

ಫ್ಯಾಂಟಮ್‌ಗೆ ಶಕ್ತಿ ಗಿಕ್ತಿ ಎಂತದೂ ಇಲ್ಲ. ಅಪ್ಪ ಸತ್ತರೆ ಮಗ ಅದೇ ಬಟ್ಟೆ, ಅದೇ ಉಂಗುರ ಹಾಕಿಕೊಂಡು ಹೊರಗೆ ಬರುತ್ತಾನೆ. ನಾವು ಓದಿದವನು 21ನೆಯವನು. ಕಾಡಿನ ಜನಕ್ಕೆ ಮಾತ್ರ ನಾನೂರು ವರ್ಷದಿಂದ ಒಬ್ಬನೇ, ಸಾವಿಲ್ಲದವನು. ನಮ್ಮ ತೋಟದಲ್ಲೂ ಹಾಗೇ ಅಲ್ವಾ? ಅಜ್ಜ ಹೋದರು, ಅಪ್ಪ ಹೋದರು. ಆಳುಗಳ ಬಾಯಲ್ಲಿ ಮಾತ್ರ "ಗೌಡ್ರು ಹೇಳಿದ್ರು" ಅನ್ನುವುದು ನಿಂತಿಲ್ಲ. ಯಾವ ಗೌಡ್ರು ಅಂತ ಯಾರೂ ಕೇಳಲ್ಲ. ಅಪ್ಪನ ಮಳೆ ಕೋಟು ಮೊದಲ ಸಲ ಹಾಕಿಕೊಂಡು ಕಣಕ್ಕೆ ಇಳಿದ ದಿನ ನನಗೆ ನೆನಪಾದವನು ಫ್ಯಾಂಟಮ್.

ಒಂದು ತಕರಾರು ಇದೆ. ಬಿಳಿಯನೊಬ್ಬ ತಲೆಬುರುಡೆ ಸಿಂಹಾಸನದಲ್ಲಿ ಕೂರುವುದು, ಕಪ್ಪು ಜನರೆಲ್ಲ ಕಾಡಿನಲ್ಲಿ ಅವನ ಮಾತು ಕೇಳುವುದು. ಹನ್ನೆರಡು ವರ್ಷಕ್ಕೆ ಇದು ನನಗೆ ಕಾಣಲಿಲ್ಲ. ದೊಡ್ಡವನಾಗಿ ಮತ್ತೆ ಓದಿದಾಗ ಕಂಡಿತು. ನಮ್ಮ ಮುತ್ತಜ್ಜ ಬ್ರಿಟಿಷ್ ದೊರೆಯ ತೋಟದಲ್ಲಿ ಮೇಸ್ತ್ರಿ. ದೊರೆ ಬಂಗಲೆಯ ಮೆಟ್ಟಿಲು ಹತ್ತುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರಂತೆ. ಅವರು ಈ ಪುಸ್ತಕ ಓದಿದ್ದರೆ ಯಾರ ಕಡೆ ಇರುತ್ತಿದ್ದರೋ. ನಾನಂತೂ ಜಗಳ ಇಟ್ಟುಕೊಂಡೇ ಓದುತ್ತೇನೆ.

ಹಾರ್ಮೋನಿಯಂ ಪೆಟ್ಟಿಗೆ

ಅಕ್ಕಾ, ನಿಮ್ಮ ಅತ್ತೆಯವರನ್ನು ಒಂದು ಸಲ ಹೊಳೆನರಸೀಪುರದ ಕಡೆ ಕುರುಕ್ಷೇತ್ರ ನಾಟಕಕ್ಕೆ ಕರೆದುಕೊಂಡು ಬನ್ನಿ.

ಹೊರಗಿನವರಿಗೆ ಇದು ಗೊತ್ತಿರಲ್ಲ, ಹೇಳಿಬಿಡುತ್ತೇನೆ. ನಮ್ಮ ಹಳ್ಳಿ ಕಡೆ ಪೌರಾಣಿಕ ನಾಟಕದಲ್ಲಿ ಪಾರ್ಟು ಮಾಡುವವನಿಗೆ ಸಂಬಳ ಇಲ್ಲ. ಅವನೇ ದುಡ್ಡು ಕಟ್ಟಿ ಪಾರ್ಟು ತಗೊಳ್ಳಬೇಕು. ಸೀನರಿ, ಡ್ರೆಸ್ಸು, ಮೇಷ್ಟ್ರ ಸಂಬಳ ಎಲ್ಲ ಅದರಲ್ಲೇ ಏಳಬೇಕು. ಜಾಸ್ತಿ ರೇಟು ಯಾರಿಗೆ? ಹಾಡು ಜಾಸ್ತಿ ಅಂತ ಕೃಷ್ಣನಿಗೆ. ಅವನ ಪಕ್ಕದಲ್ಲೇ ದುರ್ಯೋಧನ. ನಮ್ಮೂರಲ್ಲಿ ಧರ್ಮರಾಯನ ಪಾರ್ಟಿಗೆ ಕೈಕಾಲು ಹಿಡಿದು ಜನ ಕರೆಯಬೇಕು.

ನಮ್ಮ ಚಿಕ್ಕಪ್ಪ ಎಮ್ಮೆ ಮಾರಿ ದುರ್ಯೋಧನ ಆದರು. ಹಗಲು ನೋಡಿದರೆ ಪಾಪದ ಮನುಷ್ಯ. ಡೇರಿಗೆ ಹಾಲು ಹಾಕುವುದು, ಹೆಂಡತಿ ಹೇಳಿದ್ದಕ್ಕೆ ಹೂಂ ಅನ್ನುವುದು, ಇಷ್ಟೇ. ಅವತ್ತು ರಾತ್ರಿ ಒಂದು ಗಂಟೆಗೆ ಪರದೆ ಸರಿಯಿತು. ಹೆಗಲ ಮೇಲೆ ಗದೆ, ಮಿಣಮಿಣ ಕಿರೀಟ. ಹಲಗೆ ಅದುರುವ ಹಾಗೆ ಹೆಜ್ಜೆ ಹಾಕಿ ಬಂದು "ಎಲವೋ" ಅಂದರು ನೋಡಿ, ಮುಂದಿನ ಸಾಲಿನಲ್ಲಿ ಮಲಗಿದ್ದ ಅಜ್ಜಿಯರೆಲ್ಲ ಎದ್ದು ಕೂತರು. ಚಿಕ್ಕಮ್ಮ ಬಾಯಿಗೆ ಸೆರಗು ಹಿಡಿದುಕೊಂಡು ನೋಡುತ್ತಿದ್ದರು. ಎಮ್ಮೆ ಹೋದದ್ದಕ್ಕೆ ಆಮೇಲೆ ಅವರು ಒಂದು ಮಾತೂ ಆಡಲಿಲ್ಲ.

ಅದಕ್ಕೇ ನನಗೆ ಡಾಕ್ಟರ್ ಡೂಮ್ ಇಷ್ಟ. 1962ರಲ್ಲಿ ಬಂದವನು. ಕಬ್ಬಿಣದ ಮುಖವಾಡ, ಹಸಿರು ನಿಲುವಂಗಿ, ತನ್ನದೇ ಒಂದು ರಾಜ್ಯ. ನಾನು ಅನ್ನಲ್ಲ, ಡೂಮ್ ಅಂತ ತನ್ನ ಹೆಸರನ್ನೇ ಹೇಳಿಕೊಂಡು ಗುಡುಗುತ್ತಾನೆ. ನಮ್ಮ ಸ್ಟೇಜಿಗೆ ತಂದು ನಿಲ್ಲಿಸಿದರೆ ಒಂದು ಕಂದ ಪದ್ಯ ಕಲಿಸಿದರೆ ಸಾಕು. ಕಾಲೇಜಿನಲ್ಲಿ ಇದ್ದಾಗ, ಮುಂದೆ ಫೆಂಟಾಸ್ಟಿಕ್ ಫೋರ್ ತಂಡದ ನಾಯಕನಾದ ರೀಡ್ ರಿಚರ್ಡ್ಸ್ ಅವನ ಲೆಕ್ಕ ನೋಡಿ "ಇಲ್ಲಿ ತಪ್ಪಿದೆ" ಅಂತ ತೋರಿಸುತ್ತಾನೆ. ಕೇಳಲಿಲ್ಲ. ಯಂತ್ರ ಸಿಡಿದು ಮುಖ ಹೋಯಿತು. ತಪ್ಪು ಒಪ್ಪಿಕೊಂಡನಾ? ಜೀವನಪೂರ್ತಿ ರೀಡ್‌ನನ್ನೇ ಬೈದುಕೊಂಡು ಇದ್ದ. ಛಲ ಅಂದರೆ ದುರ್ಯೋಧನ ಅಂತ ಪಂಪನೇ ಸಾವಿರ ವರ್ಷದ ಹಿಂದೆ ಹೇಳಿಬಿಟ್ಟಿದ್ದಾನೆ, ನಾನೇನು ಹೊಸದು ಹೇಳಲಿ. ಇನ್ನೊಂದು ಇದೆ. ತಾಯಿಯ ಆತ್ಮ ನರಕದಲ್ಲಿ ಸಿಕ್ಕಿಕೊಂಡಿದೆ ಅಂತ ವರ್ಷಕ್ಕೆ ಒಂದು ರಾತ್ರಿ ಅದನ್ನು ಬಿಡಿಸೋ ಹೋರಾಟಕ್ಕೆ ನಿಲ್ಲುತ್ತಾನೆ. ಕೊನೆಗೊಮ್ಮೆ ಗೆಲ್ಲುವವರೆಗೂ ಪ್ರತಿ ವರ್ಷ ಸೋಲುತ್ತಾನೆ. ಮುಂದಿನ ವರ್ಷ ಮತ್ತೆ ನಿಲ್ಲುತ್ತಾನೆ.

ಹಳೇಬೀಡು ಗೈಡ್

ಹಾರ್ಮೋನಿಯಂ ಅಣ್ಣಾ, ಸರಿಯಾಗಿ ಹೇಳಿದಿರಿ. ನಮ್ಮ ಹೊಯ್ಸಳೇಶ್ವರ ಗುಡಿಯಲ್ಲಿ ಜನ ಜಾಸ್ತಿ ಫೋಟೋ ತೆಗೆಯುವುದು ಕೈಲಾಸ ಎತ್ತುವ ರಾವಣನಿಗೆ. ಮೇಲೆ ಶಿವ ಪಾರ್ವತಿ ಆರಾಮಾಗಿ ಕೂತಿದ್ದಾರೆ. ಕೆಳಗೆ ಅವನೊಬ್ಬನೇ ಮೈಯೆಲ್ಲಾ ಬಿಗಿಹಿಡಿದು ಬೆಟ್ಟ ಎತ್ತುತ್ತಿದ್ದಾನೆ. ಕಷ್ಟಪಡುವವನ ಮೇಲೆ ಅಲ್ವಾ ಕಣ್ಣು ಹೋಗುವುದು?

ಇನ್ನೊಂದು. ಆ ಗೋಡೆಯೂ ಕಾಮಿಕ್ಸೇ. ಕೆಳಗಿನ ಸಾಲಿನಲ್ಲಿ ಆನೆ, ಮೇಲೆ ಸಿಂಹ, ಕುದುರೆ. ಅದರ ಮೇಲಿನ ಸಾಲಿನಲ್ಲಿ ರಾಮಾಯಣ, ಮಹಾಭಾರತ. ಪ್ರದಕ್ಷಿಣೆ ಹಾಕುತ್ತಾ ಹೋದರೆ ಕಥೆ ಮುಂದೆ ಹೋಗುತ್ತದೆ. ಪುಟ ತಿರುಗಿಸೋ ಬದಲು ನೀವು ತಿರುಗಬೇಕು, ಅಷ್ಟೇ ವ್ಯತ್ಯಾಸ. ನನ್ನ ಹೀರೋ ಸಳ. ಒಂದೇ ಒಂದು ಏಟು, ಅದೇ ಲಾಂಛನ, ಅದೇ ವಂಶದ ಹೆಸರು. ಬ್ಯಾಟ್‌ಮ್ಯಾನ್ ಎದೆ ಮೇಲಿನ ಬಾವಲಿ 1939ರದ್ದು, ನಮ್ಮದು ಯಾವ ಕಾಲದ್ದು ನೋಡಿ!

ಬಾಡಿಗೆ ಸೈಕಲ್

ಎಲ್ಲರೂ ದೊಡ್ಡ ದೊಡ್ಡವರ ಹೆಸರು ಹೇಳ್ತಿದ್ದೀರಿ. ಡಿಂಗನನ್ನು ಮರೆತುಬಿಟ್ಟಿರಾ? ಬಾಲಮಂಗಳದ ಡಿಂಗ! ಇಲಿ ಸ್ವಾಮಿ, ಒಂದು ಇಲಿ. ಬೇರೆ ಗ್ರಹದವರು ಹಿಡಿದುಕೊಂಡು ಹೋಗಿ ಏನೋ ಪ್ರಯೋಗ ಮಾಡಿ ಬಿಟ್ಟರು, ಅಲ್ಲಿಂದ ಹಾರೋಕೆ ಶುರು. ಕಾಡಿನಲ್ಲಿ ಯಾರೇ ಕೂಗಿದರೂ ಬಂದುಬಿಡುತ್ತಿದ್ದ. ಮೂಲ ಮಲಯಾಳದ್ದು, ಅಲ್ಲಿ ಡಿಂಕನ್. ಕೇರಳದಲ್ಲಿ ತಮಾಷೆಗೆ ಅವನ ಹೆಸರಲ್ಲಿ ಒಂದು ಮತವನ್ನೇ ಕಟ್ಟಿದ್ದಾರೆ.

ಯಾಕೆ ಇಷ್ಟ ಅಂದರೆ, ಕ್ಲಾಸಲ್ಲಿ ಎಲ್ಲರಿಗಿಂತ ಕುಳ್ಳ ನಾನೇ. ಪ್ರಾರ್ಥನೆಗೆ ಯಾವಾಗಲೂ ಮೊದಲು ನಿಲ್ಲಿಸುತ್ತಿದ್ದರು. ಇಷ್ಟು ಸಾಕಲ್ವಾ ಕಾರಣ?

ಬ್ಯಾಕ್‌ಲಾಗ್ ಹುಡುಗ

ಎಲ್ಲಾ ಹೊರಗಿನಿಂದ ಬಂದದ್ದೇ ಆಯ್ತಲ್ಲ. ಕನ್ನಡದ್ದು ಅಂತ ಏನಿದೆ? (ಪೇಪರ್ ಪರವಾಗಿಲ್ಲ. ಪಾಸಾಗಬಹುದು.)

ಪ್ರೆಸ್ ಮನೆ

ಅಮರ ಚಿತ್ರಕಥೆ ಶುರುವಾದದ್ದೇ ಕನ್ನಡದಲ್ಲಿ ಕಣಯ್ಯಾ. 1965ರಲ್ಲಿ ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಹತ್ತು ಪುಸ್ತಕ ಕನ್ನಡದಲ್ಲಿ ತಂದರು. ಕಥೆಗಳು ಹೊರಗಿನವೇ, ರಾಜಕುಮಾರಿ ಕಿನ್ನರಿಯರವು. ಆಮೇಲೆ ಅನಂತ ಪೈ ಬಂದು ಕೃಷ್ಣನ ಕಥೆ ಮಾಡಿದರು, ಇಂಗ್ಲಿಷಿನಲ್ಲಿ ಅದರ ನಂಬರ್ 11. ಪೈ ಕೂಡ ನಮ್ಮ ಕಾರ್ಕಳದವರೇ.

ಮುಳುಗಡೆ ಊರು

ನಾನು ಸಾಮಾನ್ಯವಾಗಿ ಬರೆಯಲ್ಲ, ಓದಿ ಹೋಗುತ್ತೇನೆ. ನನಗೆ ಎಕ್ಸ್-ಮೆನ್ ಕಥೆಗಳ ವಿಲನ್ ಮ್ಯಾಗ್ನೆಟೋ.

1963ರಲ್ಲಿ ಬಂದಾಗ ಅವನು ಬರೀ ಕೆಟ್ಟವನು. 1981ರಲ್ಲಿ ಕ್ರಿಸ್ ಕ್ಲೇರ್ಮಾಂಟ್ ಅವನಿಗೊಂದು ಬಾಲ್ಯ ಕೊಟ್ಟರು, ಹಿಟ್ಲರನ ಯಾತನಾ ಶಿಬಿರದಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡ ಹುಡುಗ ಅಂತ. ಅಲ್ಲಿಂದ ಅವನ ಒಂದೊಂದು ಮಾತಿಗೂ ತೂಕ ಬಂತು. ಮತ್ತೆ ತನ್ನವರ ಪಟ್ಟಿ ಮಾಡೋಕೆ ಶುರುಮಾಡಿದರೆ ನಾನು ಕಾಯುತ್ತಾ ಕೂರಲ್ಲ ಅನ್ನುವವನು.

ಅದಕ್ಕೂ ನಮ್ಮದಕ್ಕೂ ಹೋಲಿಕೆ ಇಲ್ಲ, ಗೊತ್ತು. ಆದರೆ ನಮ್ಮ ತಾತನ ಊರು ಹೇಮಾವತಿ ಹಿನ್ನೀರಿನಲ್ಲಿದೆ. ಆಮೇಲೆ ಅವರು ಮೊಹರು ಹಾಕಿದ ಯಾವ ಕಾಗದವನ್ನೂ ನಂಬಲಿಲ್ಲ. ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಿಸೋಕೆ ಅಪ್ಪ ಎರಡು ದಿನ ಗೋಗರೆಯಬೇಕಾಯಿತು. ಈಗ ಶೆಟ್ಟಿಹಳ್ಳಿ ಚರ್ಚು ನೀರಲ್ಲಿ ನಿಂತಿರುವುದನ್ನು ನೋಡೋಕೆ ದೂರದಿಂದ ಜನ ಬರುತ್ತಾರೆ, ಚೆನ್ನಾಗಿದೆ ಅಂತ ಫೋಟೋ ತೆಗೆಯುತ್ತಾರೆ. ನಿಜ, ಚೆನ್ನಾಗಿಯೇ ಇದೆ. ತಾತ ಮಾತ್ರ ಸಾಯುವವರೆಗೂ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಸಕಲೇಶಪುರ ಲೋಕಲ್

ಕಾಮಿಕ್ಸ್ ಅಲ್ಲ, ಕ್ಷಮಿಸಿ. ನನ್ನ ಹೀರೋ ಅರ್ಜುನ. ಎಂಟು ಸಲ ದಸರಾ ಅಂಬಾರಿ ಹೊತ್ತವನು. 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ಕಾಡಿನಲ್ಲಿ ಕಾಡಾನೆ ಹಿಡಿಯೋಕೆ ಬಂದು ಅಲ್ಲೇ ಹೋದ. ಅವನಿಗೆ ಯಾರಾದರೂ ಒಂದು ಪುಸ್ತಕ ಬರೆದರೆ ಹತ್ತು ಪ್ರತಿ ನಾನು ತಗೊಳ್ಳುತ್ತೇನೆ.

ಕಾಫಿ ಕಣ

ಹದಿನೈದು ನನಗೆ.

ಅರಸೀಕೆರೆ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಸ್ಪರ್ಧೆ ಮುಗಿಯಿತು. ನಡೆದದ್ದು ಹೇಳುತ್ತೇನೆ.

ಗುಲಾಬಿ ಬೆರೆಸಿದ್ದಕ್ಕೆ ನೇರಳೆ ಬಣ್ಣ ಬಹಳ ಚೆನ್ನಾಗಿ ಬಂತು ಪ್ರೆಸ್ ಅಂಕಲ್. ಗದ್ದದ ಗೆರೆಗಳನ್ನು ಐಬ್ರೋ ಪೆನ್ಸಿಲಿನಲ್ಲಿ ಬರೆದೆ. ಯಜಮಾನರ ಬೈಕ್ ಗ್ಲೌಸಿಗೆ ಚಿನ್ನದ ಬಣ್ಣದ ಕಾಗದ ಅಂಟಿಸಿದೆ. ಥಾನೋಸ್ ಗ್ಲೌಸಿನ ಹಾಗೆ ಆರು ಕಲ್ಲು ಬೇಕಿತ್ತು. ಹಳೇ ಬ್ಲೌಸಿನಿಂದ ಐದು ಕಿತ್ತೆ, ಆರನೆಯದಕ್ಕೆ ಕಿತ್ತಳೆ ಪೆಪ್ಪರಮೆಂಟು. ಸಾಲಿನಲ್ಲಿ ನಿಂತಾಗ ಅದನ್ನು ತಿಂದುಬಿಟ್ಟ.

ಅವನಿಗಿಂತ ಮೊದಲು ಒಬ್ಬಳು ಟೊಮೆಟೊ, ಒಬ್ಬ ಹೀರೇಕಾಯಿ. ತರಕಾರಿಯ ಲಾಭ ಹೇಳಿ ಇಬ್ಬರೂ ಇಳಿದರು. ಇವನು ಹತ್ತಿದ. ತೀರ್ಪು ಕೊಡೋಕೆ ಬಂದಿದ್ದವರು ವಯಸ್ಸಾದ ಮೇಷ್ಟ್ರು. ಪ್ರೀತಿಯಿಂದ ಮೈಕ್ ಹಿಡಿದು "ಬದನೆಕಾಯಿ ತಿಂದರೆ ಏನು ಲಾಭ ಹೇಳು ಮರೀ" ಅಂದರು. ಇವನು ಸಿಟ್ಟಿಗೆದ್ದು ಅವರ ಕಡೆ ಕೈ ಚಾಚಿ ಚಿಟಿಕೆ ಹೊಡೆದ. ಗ್ಲೌಸಿತ್ತಲ್ಲ, ಸದ್ದೇ ಬರಲಿಲ್ಲ. ಇನ್ನೊಂದು ಸಲ ಹೊಡೆದ. ಕಣ್ಣಲ್ಲಿ ನೀರು ಬರೋದು ಬಾಕಿ.

ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು: "ಬದನೆಕಾಯಿ ಅಲ್ಲ ಸಾರ್, ಥಾನೋಸು! ಅರ್ಧ ಪ್ರಪಂಚ ಮುಗಿಸಿದವನು!" ತಿರುಗಿ ನೋಡಿದರೆ ನಮ್ಮ ಅತ್ತೆ. ಬರಲ್ಲ ಅಂದಿದ್ದರು, ಯಾವಾಗ ಬಂದು ಕೂತರೋ.

ಮೂರನೇ ಬಹುಮಾನ ಬಂತು. ಸರ್ಟಿಫಿಕೇಟಿನಲ್ಲಿ ವಿಭಾಗ: ತರಕಾರಿ.

ಪ್ರೆಸ್ ಮನೆ

ಅಮ್ಮಾ, ಅದರ ಫೋಟೋ ಕಳಿಸಿ. ಅದೇ ಅಕ್ಷರ, ಅದೇ ಬಾರ್ಡರ್ ಇಟ್ಟು ತರಕಾರಿ ತೆಗೆದು ಹೊಸದು ಪ್ರಿಂಟ್ ಮಾಡಿಕೊಡುತ್ತೇನೆ. ಎರಡನೇ ಸಂಚಿಕೆ ಅಂದುಕೊಳ್ಳಿ.

ಅರಸೀಕೆರೆ ಅಮ್ಮ

ಕೇಳಿದೆ ಅಂಕಲ್, ಬೇಡವಂತೆ. ಮುಂದಿನ ವರ್ಷ ಇವನು ಮತ್ತು ಹೀರೇಕಾಯಿ ಸೇರಿ ಆ ಆರು ಸ್ಪೈಡರ್‌ಮ್ಯಾನ್‌ಗಳ ಮೇಲೆ ಹೋಗುತ್ತಾರಂತೆ.